ಸ್ಟೇಜಿನ ಕಳೆ

“ನಾಳೆ ಮದುವೆಮನೆ ಪ್ರೋಗ್ರಾಮು. ರೇಷ್ಮೆ ಸೀರೆ ಉಟ್ಕೊಂಡು ಬನ್ನಿ. ಹಣೆಗೆ ಕುಂಕುಮ, ತಲೆತುಂಬ ಮಲ್ಲಿಗೆ ಇರ್ಲಿ,” ಎಂದರು ಆರ್ಕೆಸ್ಟ್ರಾದ ಯಜಮಾನರು.

“ಗಂಡ ಹೋದವಳು ನಾನು, ಸಾರ್,” ಎಂದಳು ಗಾಯಕಿ.

“ಹಾಡೋರಿಗೆ ಅದೆಲ್ಲ ಇಲ್ಲಮ್ಮ, ಸ್ಟೇಜಿಗೆ ಕಳೆ ಬೇಕು. ಅಲ್ಲಾ, ಮದುವೆಗಳಿಗೆ ಬರೋದೇ ಇಲ್ಲ ಅಂತಿದ್ದೋರು, ಇದೊಂದನ್ನ ಮಾತ್ರ ನೀವಾಗೇ ಕೇಳಿ ತಗೊಂಡ್ರಲ್ಲ, ಯಾಕೆ?”

“ಹುಡುಗಿ ಗೊತ್ತಿರೋಳು.”

ಮರುದಿನ ಛತ್ರದಲ್ಲಿ ಅವಳು ಮಲ್ಲಿಗೆ ಮುಡಿದು, ಕುಂಕುಮವಿಟ್ಟು, ಮೈಕಿನ ಮುಂದೆ ನಿಂತು ಹಾಡುತ್ತಿದ್ದಳು.

“ಧಾರೆಗೆ ಹೊತ್ತಾಯ್ತು. ಹುಡುಗಿಯ ತಂದೆತಾಯಿ ಬನ್ನಿ,” ಎಂದು ಪುರೋಹಿತರು ಕೂಗಿದರು.

ಹುಡುಗಿಯ ದೊಡ್ಡಪ್ಪ, ದೊಡ್ಡಮ್ಮ ಎದ್ದು ಮಂಟಪಕ್ಕೆ ಹೋದರು. ಹಾಡು ತಟ್ಟನೆ ನಿಂತಿತು.

ಮದುಮಗಳು ಮೈಕಿನ ಕಡೆ ತಿರುಗಿ, “ನಿಲ್ಲಿಸ್ಬೇಡ, ಅಮ್ಮ,” ಎಂದಳು.