ಬಿಗಿಯಾದ ಉಂಗುರ

ಕೆರೆಯಂಚಿನ ಬಲೆಯಿಂದ ಬಿಡಿಸಿ ಬಟ್ಟೆಚೀಲಗಳಲ್ಲಿ ತಂದ ಹಕ್ಕಿಗಳ ಕಾಲಿಗೆ ನಂಬರಿನ ಉಂಗುರ ತೊಡಿಸಿ, ತೂಕ ಬರೆದುಕೊಂಡು ಹಾರಿಬಿಡುವುದು ಆ ಕೇಂದ್ರದ ಕೆಲಸ. ಚಳಿ ಹಿಂದೆ ಸರಿದು ಹೊಂಗೆ ಚಿಗುರುತ್ತಿದ್ದ ಆ ಬೆಳಿಗ್ಗೆ ಮುಖ್ಯಸ್ಥರಾದ ಪರಶಿವಮೂರ್ತಿ ಬಂದವರೇ, ನೋಡಲು ಬಂದಿದ್ದ ಕಾಲೇಜು ಹುಡುಗಿಯರ ಎದುರಿಗೇ ಸಹಾಯಕಿ ಚಂಪಾಳ ಕೈಯಿಂದ ಪೆನ್ನು ಕಿತ್ತುಕೊಂಡರು.

“ಇಬ್ಬನಿ ಬಿದ್ರೆ ಶಾಯಿ ಕಲಸಿಹೋಗುತ್ತೆ. ಹತ್ತು ವರ್ಷದಿಂದ ಇಲ್ಲಿನ ರಿಜಿಸ್ಟರಲ್ಲಿ ಪೆನ್ಸಿಲ್ ಬಿಟ್ಟು ಬೇರೇನೂ ಬಳಸಿಲ್ಲ. ಎಷ್ಟು ಸಲ ಹೇಳ್ಬೇಕು ನಿಂಗೆ?”

“ತಪ್ಪಾಯ್ತು ಸರ್,” ಎಂದು ಅವಳು ಪೆನ್ಸಿಲ್ ಹಿಡಿದಳು.

ಮುಂದಿನ ಚೀಲದಲ್ಲಿ ಉಲಿಯಕ್ಕಿ ಎಂಬ ಪುಟ್ಟ ಹಕ್ಕಿಯೊಂದಿತ್ತು. ಅದರ ಕಾಲಲ್ಲಿ ಆಗಲೇ ಹಳೆಯ ಉಂಗುರವಿತ್ತು. ಹಾಕಿದವರು ಇಕ್ಕಳ ಒತ್ತಿದ್ದು ಜಾಸ್ತಿಯಾಗಿ, ಕಾಲು ಬಾತು ಬೆರಳು ಸೆಟೆದುಕೊಂಡಿದ್ದವು.

“ಯಾವ ಅಯೋಗ್ಯ ಹಾಕಿದ್ದು ಇದನ್ನ? ಇಂಥವ್ರ ಕೈಗೆ ಹಕ್ಕೀನೇ ಕೊಡಬಾರ್ದು,” ಎಂದು ಪರಶಿವಮೂರ್ತಿ ಸಿಡುಕಿದರು. “ನಂಬರ್ ನೋಡಿ ಹಾಕಿದವ್ರ ಹೆಸರು ಓದು ಚಂಪಾ. ಎಲ್ರಿಗೂ ಕೇಳ್ಸೋ ಹಾಗೆ ಓದು.”

ಚಂಪಾ ನಾಲ್ಕು ವರ್ಷದ ಹಿಂದಿನ ರಿಜಿಸ್ಟರ್ ತೆರೆದಳು. ಸಾಲುಗಳ ಮೇಲೆ ಇಳಿಯುತ್ತಿದ್ದ ಅವಳ ಬೆರಳು ಒಂದು ಹೆಸರಿನ ಮೇಲೆ ನಿಂತಿತು. ತಲೆಯೆತ್ತಿ ಅವರನ್ನು ನೋಡಿದಳು. ಆ ನೋಟಕ್ಕೆ ಪರಶಿವಮೂರ್ತಿಯವರ ಕಿವಿ ಬಿಸಿಯಾಯಿತು. ‘ಬೇಡ ಬಿಡು’ ಅನ್ನುವ ಹಾಗೆ ಕೈ ಎತ್ತಿದರು.

ಚಂಪಾ ರಿಜಿಸ್ಟರ್ ಮುಚ್ಚಿ, ಎಲ್ಲರಿಗೂ ಕೇಳಿಸುವ ಹಾಗೆಯೇ ಹೇಳಿದಳು:

“ಹೆಸರು ಕಾಣಿಸ್ತಿಲ್ಲ ಸರ್. ಇಬ್ಬನಿಗೆ ಶಾಯಿ ಕಲಸಿಹೋಗಿದೆ.”