ಹೊಳೆ ಕೆಂಪಾದ ಮಧ್ಯಾಹ್ನ

ಮಗ ಗಾಳಕ್ಕೆ ಸಿಕ್ಕಿಸುವ ಎರೆಹುಳಕ್ಕೆಂದು ಹಸಿ ಮಣ್ಣು ಅಗೆದರೆ ಆ ವಾಸನೆಗೆ ಇಂದಿಗೂ ನಾನು ಎದ್ದು ಒಳಗೆ ಹೋಗಿಬಿಡುತ್ತೇನೆ.

ದೇಲಂಪಾಡಿಯಲ್ಲಿ ನಮ್ಮ ಮನೆ ಹೊಳೆಯ ಪಕ್ಕ. ಅಪ್ಪ ರಾತ್ರಿ ಉತ್ಸವಗಳಲ್ಲಿ ಸಿನಿಮಾ ಹಾಡು ಹಾಡುವ ಗಾನಮೇಳ ತಂಡದ ಹಾಡುಗಾರ. ಹಗಲು ಸರ್ಕಾರಿ ಕೆಲಸಕ್ಕಾಗಿ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದರು. ಬಿಡುವಾದರೆ ಗಾಳ ಹಿಡಿದು ಹೊರಡುತ್ತಿದ್ದರು. ಆ ಭಾನುವಾರ ಮಧ್ಯಾಹ್ನ ತುಂಬು ಗರ್ಭಿಣಿ ಅಮ್ಮ ಬಾಗಿಲಿಗೆ ಬಂದು ತಡೆದಳು.

"ಘಟ್ಟದಲ್ಲಿ ಮಳೆ ಉಂಟು. ನೀರು ಕೆಂಪಾಗಿದೆ. ಇವತ್ತು ಹೋಗ್ಬೇಡಿ."

"ಮಗು ಬಂದ ಮೇಲೆ ಎಲ್ಲಿ ಪುರುಸೊತ್ತು ಮಾರಾಯ್ತಿ? ಈಗ ಬರ್ತೇನೆ," ಎಂದ ಅಪ್ಪ ಎರೆಹುಳ ಅಗೆದ ಮಣ್ಣಿನ ಬೆರಳನ್ನು ನನ್ನ ಕೆನ್ನೆಗೆ ಒರೆಸಿ ನಕ್ಕರು.

ಸಂಜೆ ಅವರನ್ನು ಕರೆದೊಯ್ಯಲು ಗಾನಮೇಳದ ಜೀಪು ಬಂತು.

"ಹೊಳೆಯಿಂದ ಇನ್ನೂ ಬರ್ಲಿಲ್ಲ," ಎಂದಳು ಅಮ್ಮ.

ತಂಡದ ತಬಲಾ ನುಡಿಸುವವರು ಜೀಪಿನಿಂದ ಇಳಿದು ಹೊಳೆಯ ಕಡೆಗೆ ಓಡಿದರು. ನಾನೂ ಓಡಿದೆ. ಅಪ್ಪ ಯಾವಾಗಲೂ ಕೂರುತ್ತಿದ್ದ ಬಂಡೆಯೇ ಕೆಂಪು ನೀರಿನಲ್ಲಿ ಮುಳುಗಿ ಕಾಣಲಿಲ್ಲ.

ಅದೇ ವಾರ ತಮ್ಮ ಹುಟ್ಟಿದ. ಅಪ್ಪನ ದನಿ ಅವನಿಗೆ ಯಾರೋ ಮೊಬೈಲಿನಲ್ಲಿ ಹಿಡಿದಿಟ್ಟ ಒಂದು ಹಾಡಿನಿಂದಷ್ಟೇ ಗೊತ್ತು.