ಹಣೆಯ ಮೇಲಿನ ರೂಪಾಯಿ

ನಾಣ್ಯ ಕೂಡಿಡುವ ಗೆಳೆಯರಿಬ್ಬರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಒಬ್ಬ ತನ್ನ ಹಳೆಯ ಬೆಳ್ಳಿ ರೂಪಾಯಿಯ ಲಕೋಟೆಯ ಮೇಲೆ ‘ಇಎಫ್’ ಎಂದು, ಅಂದರೆ ಸವೆದಿದ್ದೇ ಕಾಣದಷ್ಟು ಚೆನ್ನಾಗಿದೆ ಎಂದು ಬರೆದಿದ್ದ. ಇನ್ನೊಬ್ಬ ಸಂಘದ ಸಭೆಯಲ್ಲಿ ಎಲ್ಲರೆದುರು ಅದನ್ನು ಒಂದು ಮೆಟ್ಟಿಲು ಕೆಳಗಿಳಿಸಿ, “ವಿಎಫ್ ಕಣಯ್ಯಾ, ಕಣ್ಣು ತೋರಿಸ್ಕೋ” ಎಂದು ನಕ್ಕಿದ್ದ.

ಈಗ ರೂಪಾಯಿಯ ಒಡೆಯ ಸತ್ತಿದ್ದ. ನಕ್ಕವನು ಬಾಗಿಲಲ್ಲೇ ನಿಂತ.

“ಒಳಗೆ ಬನ್ನಿ,” ಎಂದಳು ಸತ್ತವನ ಹೆಂಡತಿ.

“ಯಾವ ಮುಖ ಇಟ್ಕೊಂಡು ಬರ್ಲಿ ಅತ್ತಿಗೆ? ಮೂರು ಸಲ ಆಸ್ಪತ್ರೆ ಗೇಟಿನ ತನಕ ಬಂದು ವಾಪಸ್ ಹೋದೆ.”

“ಕಿಟಕಿಯಿಂದ ನೋಡಿದ್ರು. ‘ಬಂದ ನೋಡೇ, ವಿಎಫ್ಫು’ ಅಂತ ನಿಮ್ಮ ಹಾಗೇ ಮೂಗಲ್ಲಿ ಮಾತಾಡಿ ತೋರಿಸೋರು.”

ಅವನು ಒಳಗೆ ಬಂದ. ಹೆಣದ ಹಣೆಗೆ ಶಾಸ್ತ್ರದಂತೆ ನಾಣ್ಯ ಅಂಟಿಸಿದ್ದರು. ಕೈ ತಾನಾಗಿ ಜೇಬಿನ ಭೂತಗನ್ನಡಿ ತೆಗೆಯಿತು. ಉಸಿರು ತಾಗುವಷ್ಟು ಬಗ್ಗಿದ.

“ಅಯ್ಯೋ, ಅದೇ ರೂಪಾಯಿ! ಸುಟ್ಟುಹೋಗುತ್ತೆ, ತೆಗೀರಿ ಅತ್ತಿಗೆ.”

“ಅದನ್ನೇ ಅಂಟಿಸು ಅಂದಿದ್ರು. ‘ನನ್ನ ಮುಖ ನೋಡೋಕೆ ಬರದಿದ್ರೂ ಇದನ್ನ ನೋಡೋಕೆ ಬಗ್ಗೇ ಬಗ್ತಾನೆ’ ಅಂತ.”